ಲಡಾಖಿನ ಗಿರಿಗ್ರಾಮಗಳೂ ಬೌದ್ಧಮಠಗಳೂ: ತಂಡದ ಪಾದಯಾತ್ರೆಯ ರೀತಿ-ನೀತಿ

ದೇಶಾಟನೆಯು ವಿದ್ಯಾಭ್ಯಾಸದ ಒಂದು ಅಂಗವೆಂಬ ಮಾತು ಹಳೆಯದು. ಆದರೆ ವಾಹನದಲ್ಲಿ ಕುಳಿತು ನೋಡಿದ ನಾಡಿಗೂ ಹೆಜ್ಜೆಯಿಂದ ಅಳೆದ ನಾಡಿಗೂ ಅಂತರವುಂಟು. ವಾಹನದಲ್ಲಿ ಹೋಗುವವನು ಊರನ್ನು ದಾಟುತ್ತಾನೆ. ನಡೆದು ಹೋಗುವವನು ಊರಿನೊಳಗೆ ಬರುತ್ತಾನೆ. ಅವನಿಗೆ ಆ ಊರಿನ ನೀರು ಬೇಕು, ಆ ಊರಿನ ಅನ್ನ ಬೇಕು, ರಾತ್ರಿ ತಲೆಯ ಮೇಲೊಂದು ಸೂರು ಬೇಕು. ಹೀಗಾಗಿ ಪಾದಚಾರಿಯು ತಾನು ನೋಡಬಂದ ನಾಡಿನ ಋಣಕ್ಕೆ ಒಳಗಾಗುತ್ತಾನೆ. ಹಿಮಾಲಯದ ಎತ್ತರದ ಹಳ್ಳಿಗಳ ಹಾಗೂ ಅಲ್ಲಿಯ ಬೌದ್ಧಮಠಗಳ ನಡುವೆ, ಮಾರ್ಗದರ್ಶಕನೊಡನೆ ತಂಡವಾಗಿ ಕೈಕೊಳ್ಳುವ ಪಾದಯಾತ್ರೆಯಲ್ಲಿ ಈ ಸಂಗತಿ ವಿಶೇಷವಾಗಿ ಎದ್ದು ಕಾಣುತ್ತದೆ.

ಚಿಕ್ಕನರಗುಂದದ ಸುತ್ತಲಿನ ಎರೆಭೂಮಿಯಲ್ಲಿ ಬೆಳೆದವನಿಗೆ ಎತ್ತರವೆಂದರೆ ನರಗುಂದದ ಕೋಟೆಯ ಗುಡ್ಡವೇ ಸರಿ. ಆದರೂ ಈ ಭಾಗದ ತರುಣರು ಉದ್ಯೋಗಕ್ಕಾಗಿ ಬೆಂಗಳೂರು, ಪುಣೆಗಳನ್ನು ಸೇರಿ, ಅಲ್ಲಿಂದ ಹಿಮಾಲಯದ ಚಾರಣಕ್ಕೆ ಹೊರಡುವುದು ಇಂದು ಅಪರೂಪದ ಮಾತಲ್ಲ. ಆದುದರಿಂದ ಇಂಥ ಯಾತ್ರೆಯ ಸ್ವರೂಪವೇನು, ಅದರ ಅಪಾಯಗಳೇನು, ಅತಿಥಿಯಾಗಿ ಹೋಗುವವನ ಹೊಣೆಯೇನು ಎಂಬುದನ್ನು ಗುರುಗಳೂ ಪಾಲಕರೂ ಅರಿತಿರುವುದು ಒಳಿತು.

ಬೌದ್ಧಮಠವೆಂಬುದು ಈ ಸೀಮೆಗೆ ಅಪರಿಚಿತವಾದುದಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಬಂಡೆಶಾಸನವಿದೆ. ಗದಗ ಜಿಲ್ಲೆಯ ಡಂಬಳದಲ್ಲಿ ದೊರೆತ ಕ್ರಿ. ಶ. 1095ರ ಶಾಸನವು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ್ದು. ಅಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರವನ್ನೂ, ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ವರ್ತಕನೊಬ್ಬನು ಕಟ್ಟಿಸಿದ ತಾರಾದೇವಿಯ ವಿಹಾರವನ್ನೂ ಅದು ಹೆಸರಿಸುತ್ತದೆ. ವಿಹಾರಗಳು ದಾನಿಗಳ ಬಲದಿಂದ ಎದ್ದವು, ಅವರ ಬಲದಿಂದಲೇ ನಿಂತವು ಎಂಬುದಕ್ಕೆ ಈ ಶಾಸನವೇ ಸಾಕ್ಷಿ.

ಇನ್ನೂ ಹತ್ತಿರದ ಕಾಲಕ್ಕೆ ಬಂದರೆ, 1959ರಲ್ಲಿ ಟಿಬೆಟ್ಟಿನಿಂದ ದಲೈ ಲಾಮಾ ಅವರ ಹಿಂದೆ ಭಾರತಕ್ಕೆ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯವು ಭೂಮಿಯನ್ನು ನೀಡಿತು. ಮೊದಲು ಬೈಲುಕುಪ್ಪೆಯಲ್ಲಿ, ಅನಂತರ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ 1966ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ ವಸತಿಗಳು ತಲೆಯೆತ್ತಿದವು. ಲ್ಹಾಸಾದ ಸಮೀಪವಿದ್ದ ಡ್ರೆಪುಂಗ್ ಮತ್ತು ಗಾಂದೆನ್ ಮಹಾಮಠಗಳು ಮುಂಡಗೋಡದಲ್ಲಿಯೂ, ಸೆರಾ ಮಠವು ಬೈಲುಕುಪ್ಪೆಯಲ್ಲಿಯೂ ಪುನಃ ಸ್ಥಾಪಿತವಾದವು. ಲಡಾಖ್, ಸ್ಪಿತಿ ಮೊದಲಾದ ಗಿರಿಸೀಮೆಗಳ ಗೆಲುಗ್ ಪಂಥದ ತರುಣ ಭಿಕ್ಷುಗಳು ಹಿಂದೆ ಉನ್ನತ ವ್ಯಾಸಂಗಕ್ಕಾಗಿ ಟಿಬೆಟ್ಟಿಗೆ ಹೋಗುತ್ತಿದ್ದರು; ಆ ಬಾಗಿಲು ಮುಚ್ಚಿದ ಮೇಲೆ ಅವರು ಕರ್ನಾಟಕಕ್ಕೆ ಬರತೊಡಗಿದರು. ಗೆಶೆ ಎಂಬ ಪದವಿಗಾಗಿ ಹದಿನೈದು, ಇಪ್ಪತ್ತು ವರ್ಷಗಳ ಕಾಲ ಶಾಸ್ತ್ರಾಧ್ಯಯನ ಮಾಡಿ, ಅಂಗಳದಲ್ಲಿ ಕೈ ತಟ್ಟಿ ಪ್ರಶ್ನೆ ಹಾಕಿ ವಾದ ನಡೆಸಿ ಪಳಗುತ್ತಾರೆ. ಲಡಾಖಿನ ಮಠವೊಂದರಲ್ಲಿ ಕನ್ನಡದ ನಾಲ್ಕು ಮಾತು ಬಲ್ಲ ಭಿಕ್ಷು ಎದುರಾದರೆ ಆಶ್ಚರ್ಯಪಡಬೇಕಾದುದಿಲ್ಲ.

ಲಡಾಖ್ 1974ರಲ್ಲಿ ಪ್ರವಾಸಿಗಳಿಗೆ ತೆರೆಯಿತು. 2019ರ ಅಕ್ಟೋಬರ್ 31ರಂದು ಕೇಂದ್ರಾಡಳಿತ ಪ್ರದೇಶವಾಯಿತು. ಅದರ ಮುಖ್ಯ ಪಟ್ಟಣವಾದ ಲೇಹ್ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ ಅಲ್ಲಿ ಬೀಳುವ ಮಳೆ ಸುಮಾರು 100 ಮಿಲಿಮೀಟರ್ ಮಾತ್ರ. ಬರಗಾಲವನ್ನು ಬಲ್ಲ ಬಯಲುಸೀಮೆಯ ರೈತನಿಗೂ ಇದು ನಂಬಲು ಕಷ್ಟವಾದ ಅಂಕೆ. ಇಂಥಲ್ಲಿ ಬದುಕು ನಡೆಯುವುದು ಹಿಮ ಕರಗಿದ ನೀರಿನಿಂದ. ಬೆಟ್ಟದ ಹಳ್ಳವನ್ನು ಸಣ್ಣ ಕಾಲುವೆಗಳಲ್ಲಿ ತಿರುಗಿಸಿ ಜವೆಗೋಧಿ, ಬಟಾಣಿ ಬೆಳೆಯುತ್ತಾರೆ. ಬೇಸಗೆ ಚಿಕ್ಕದಾದುದರಿಂದ ಎತ್ತರದ ಹಳ್ಳಿಗಳಲ್ಲಿ ವರ್ಷಕ್ಕೆ ಒಂದೇ ಬೆಳೆ. ಯಾರ ಹೊಲಕ್ಕೆ ಎಂದು, ಎಷ್ಟು ಹೊತ್ತು ನೀರು ಎಂಬುದನ್ನು ನಿರ್ಧರಿಸಲು ಊರವರೇ ಒಬ್ಬನನ್ನು ನೇಮಿಸುತ್ತಾರೆ. ಅವನಿಗೆ ಚುರ್ಪೋನ್ ಎಂದು ಹೆಸರು. ಕನ್ನಡ ನಾಡಿನ ಕೆರೆಗಳ ನೀರುಗಂಟಿಯ ಕೆಲಸವೇ ಅವನದು.

ಊರಿನ ಮೇಲಿನ ಕೋಡಿನಲ್ಲಿ ಗೊಂಪ ಇರುತ್ತದೆ. ಗೊಂಪ ಎಂದರೆ ಏಕಾಂತಸ್ಥಳವೆಂದು ಅರ್ಥ. ಆದರೆ ವ್ಯವಹಾರದಲ್ಲಿ ಅದು ಊರಿನಿಂದ ಬೇರೆಯಾದುದಲ್ಲ. ಮನೆಯ ಮಕ್ಕಳಲ್ಲಿ ಒಬ್ಬನನ್ನು ಮಠಕ್ಕೆ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಮಠದ ಭೂಮಿಯನ್ನು ಊರವರು ಉತ್ತು ಬೆಳೆಯಲ್ಲಿ ಪಾಲು ಸಲ್ಲಿಸುತ್ತಾರೆ. ಜನನ, ರೋಗ, ಮರಣ, ಬಿತ್ತನೆ, ಸುಗ್ಗಿಗಳಲ್ಲಿ ಭಿಕ್ಷುಗಳು ಮನೆಗೆ ಬಂದು ಪಾಠ ಓದುತ್ತಾರೆ. ಊರು ಮಠವನ್ನು ಉಣಿಸುತ್ತದೆ, ಮಠ ಊರನ್ನು ಹಿಡಿದು ನಿಲ್ಲಿಸುತ್ತದೆ. ದಾಸೋಹವನ್ನು ಕಂಡು ಬೆಳೆದವರಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಹಳ್ಳಿಗಳ ಮೂಲಕ ಹಾದುಹೋಗುವ ಹಾದಿಗಳಲ್ಲಿ ಮಾರ್ಖಾ ಕಣಿವೆಯ ಹಾದಿ ಪ್ರಸಿದ್ಧವಾದುದು. ಇದರ ಬಹುಭಾಗ 1981ರಲ್ಲಿ ಘೋಷಿತವಾದ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗೆ ಬರುತ್ತದೆ. ನೀಲಿಕುರಿಗಳೂ ಅವುಗಳನ್ನು ಬೇಟೆಯಾಡುವ ಹಿಮಚಿರತೆಗಳೂ ಅಲ್ಲಿಯ ನಿವಾಸಿಗಳು. ಹಳೆಯ ಮಾರ್ಗವು ಸ್ಪಿತುಕ್ ಮಠದ ಕೆಳಗಿನಿಂದ ಹೊರಟು, ರುಂಬಕ್ ಪರಿಸರದ ಮೂಲಕ ಗಂಡಾ ಲಾ ಎಂಬ ಕಣಿವೆಬಾಯಿಯನ್ನು ಏರಿ, ಸ್ಕ್ಯೂ ಗ್ರಾಮಕ್ಕೆ ಇಳಿಯುತ್ತದೆ. ಅಲ್ಲಿಂದ ನದಿಯ ಗುಂಟ ಮಾರ್ಖಾ, ಹಂಕರ್ ಹಳ್ಳಿಗಳು. ಮಾರ್ಖಾದ ಮೇಲುಭಾಗದಲ್ಲಿ ಕಡಿದಾದ ಬಂಡೆಯ ನೆತ್ತಿಗೆ ಅಂಟಿಕೊಂಡಂತೆ ತೇಚಾ ಗೊಂಪ ನಿಂತಿದೆ. ಹಂಕರ್ ದಾಟಿದ ಮೇಲೆ ಊರುಗಳಿಲ್ಲ. ನಿಮಾಲಿಂಗ್ ಎಂಬ ಹುಲ್ಲುಗಾವಲಿನಲ್ಲಿ ಬೇಸಗೆಯಲ್ಲಿ ಕಣಿವೆಯ ಜನ ಕುರಿ, ಮೇಕೆ, ಯಾಕ್‌ಗಳನ್ನು ಮೇಯಿಸುತ್ತಾರೆ. ಮರುದಿನ ಸುಮಾರು 5,200 ಮೀಟರ್ ಎತ್ತರದ ಕೊಂಗ್ಮಾರು ಲಾ ದಾಟಿ ಶಾಂಗ್ ಸುಮ್ದೊಗೆ ಇಳಿದರೆ, ಹೆಮಿಸ್ ಮಹಾಮಠವು ದೂರವಿಲ್ಲ. ಈಚಿನ ವರ್ಷಗಳಲ್ಲಿ ಕಣಿವೆಯ ಕೆಳಭಾಗಕ್ಕೆ ವಾಹನದ ರಸ್ತೆ ಬಂದಿದೆ. ಆದ್ದರಿಂದ ಕಾಲುನಡಿಗೆಯ ದಿನಗಳು ಹಿಂದಿಗಿಂತ ಕಡಮೆಯಾಗಿವೆ.

ದಿನಗಳು ಕಡಮೆಯಾದುದು ಲಾಭವೆಂದು ತೋರಬಹುದು. ವಾಸ್ತವದಲ್ಲಿ ಎಚ್ಚರಿಕೆ ಹೆಚ್ಚಬೇಕಾದುದು ಅಲ್ಲಿಯೇ. ಲೇಹ್‌ನಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕವು ಸಮುದ್ರಮಟ್ಟದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲು. ಕೊಂಗ್ಮಾರು ಲಾದ ಮೇಲೆ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಈ ಕೊರತೆಗೆ ಶರೀರ ಹೊಂದಿಕೊಳ್ಳಬಲ್ಲದು. ಆದರೆ ಅದಕ್ಕೆ ಕಾಲಾವಕಾಶ ಬೇಕು. ವಿಮಾನದಲ್ಲಿ ಲೇಹ್‌ಗೆ ಇಳಿದವನು ಮೊದಲ ಎರಡು ದಿನ ವಿಶ್ರಮಿಸಲೇಬೇಕು. ಶ್ರೀನಗರ, ಕಾರ್ಗಿಲ್ ಮಾರ್ಗವಾಗಿ ರಸ್ತೆಯಲ್ಲಿ ಬಂದರೆ ಏರಿಕೆ ಮೆಲ್ಲಗೆ ಆಗುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು-ನಾಲ್ಕು ದಿನಗಳಿಗೊಮ್ಮೆ ಒಂದು ದಿನ ತಂಗಬೇಕು ಎಂಬುದು ವೈದ್ಯರು ಒಪ್ಪಿದ ನಿಯಮ. ಹಂಕರ್ ಸುಮಾರು 4,000 ಮೀಟರ್‌ನಲ್ಲಿದೆ, ನಿಮಾಲಿಂಗ್ ಸುಮಾರು 4,800 ಮೀಟರ್‌ನಲ್ಲಿ. ಒಂದೇ ದಿನದಲ್ಲಿ ನಡೆದು ಮುಟ್ಟಬಹುದಾದ ಈ ಅಂತರದ ನಡುವೆ ಥಾಚುಂಗ್ತ್ಸೆ ಎಂಬಲ್ಲಿ ಒಂದು ರಾತ್ರಿ ತಂಗುವ ವಾಡಿಕೆಗೆ ಕಾರಣ ಇದೇ. ಕಾಲುಗಳಿಗೆ ಅಲ್ಲಿ ವಿಶ್ರಾಂತಿ ಬೇಡವಾದರೂ ರಕ್ತಕ್ಕೆ ಬೇಕು.

ತಲೆನೋವು, ಓಕರಿಕೆ, ನಿದ್ರೆ ಬಾರದಿರುವುದು ಎತ್ತರದ ಬೇನೆಯ ಮೊದಲ ಲಕ್ಷಣಗಳು. ಆಗ ಮೇಲಕ್ಕೆ ಹೋಗದೆ ಅಲ್ಲಿಯೇ ನಿಲ್ಲಬೇಕು. ಹೆಜ್ಜೆ ತಪ್ಪತೊಡಗಿದರೆ, ಮಾತು ತೊದಲಿದರೆ, ಕುಳಿತಲ್ಲಿಯೇ ಏದುಸಿರು ಬಂದರೆ, ಅದು ಮಿದುಳಿಗೆ ಅಥವಾ ಶ್ವಾಸಕೋಶಕ್ಕೆ ನೀರು ತುಂಬುತ್ತಿರುವ ಸೂಚನೆ. ಆಗ ರಾತ್ರಿಯೆನ್ನದೆ ಕೆಳಗೆ ಇಳಿಸುವುದೇ ಮೊದಲ ಚಿಕಿತ್ಸೆ. ಈ ಬೇನೆಯು ಗಟ್ಟಿಮುಟ್ಟಾದವನನ್ನು ಬಿಡುತ್ತದೆ, ಅಶಕ್ತನನ್ನು ಹಿಡಿಯುತ್ತದೆ ಎಂಬ ನಿಯಮವಿಲ್ಲ. ಬದಲಾಗಿ, ಬಲವುಳ್ಳ ತರುಣನು ಬೇಗ ಏರಿ ಬೇಗ ಬೀಳುವುದುಂಟು. ನಾಚಿಕೆಯಿಂದ ನೋವನ್ನು ಮುಚ್ಚಿಡುವುದೂ ಉಂಟು. ಶಾಲೆಯ ಆಟದಲ್ಲಿ ಮೆಚ್ಚುಗೆ ಪಡೆಯುವ ಹಟವು ಇಲ್ಲಿ ಶತ್ರುವಾಗುತ್ತದೆ.

ಮಾರ್ಗದರ್ಶಕನ ಮಹತ್ವ ಇದರಿಂದ ತಿಳಿಯುತ್ತದೆ. ದಾರಿ ತೋರಿಸುವುದು ಅವನ ಕೆಲಸದಲ್ಲಿ ಚಿಕ್ಕ ಪಾಲು. ತಂಡದ ವೇಗವನ್ನು ಎಲ್ಲರಿಗಿಂತ ಹಿಂದಿರುವವನ ಹೆಜ್ಜೆಗೆ ಕಟ್ಟುವುದು, ಕೊನೆಯಲ್ಲಿ ಒಬ್ಬ ಸಹಾಯಕನನ್ನು ಇಡುವುದು, ಬೆಳಗು ಸಂಜೆ ಪ್ರತಿಯೊಬ್ಬನ ಮುಖ ನೋಡಿ ಮಾತನಾಡಿಸುವುದು, ಮುಗಿಲು ನೋಡಿ ನಾಳೆ ಹೊರಡಬಾರದೆಂದು ಹೇಳುವುದು ಅವನ ಹೊಣೆ. ನದಿ ದಾಟುವ ಹೊತ್ತನ್ನೂ ಅವನೇ ಗೊತ್ತುಮಾಡುತ್ತಾನೆ. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನಕ್ಕೆ ಹೊಳೆ ಉಕ್ಕುತ್ತದೆ. ಬೆಳಿಗ್ಗೆ ಮೊಣಕಾಲುದ್ದವಿದ್ದ ನೀರು ಸಂಜೆಗೆ ಮನುಷ್ಯನನ್ನು ಕೆಡವಬಲ್ಲದು. 2010ರ ಆಗಸ್ಟ್ ತಿಂಗಳಲ್ಲಿ ಲೇಹ್ ಸುತ್ತಮುತ್ತ ಮೇಘಸ್ಫೋಟವಾಗಿ ಇನ್ನೂರಕ್ಕೂ ಹೆಚ್ಚು ಜನರು ಸತ್ತರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋಗಿದ್ದ ಚಾರಣಿಗರ ತಂಡವು ಹಿಮಗಾಳಿಗೆ ಸಿಲುಕಿ 9 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಪರ್ವತದ ಅನುಭವವುಳ್ಳವರೂ ಇದ್ದರು. ಮಾರ್ಗದರ್ಶಕನು ಹಿಂದಿರುಗಿರೆಂದಾಗ ಹಣ ಕೊಟ್ಟಿದ್ದೇವೆಂದು ವಾದಿಸುವ ತಂಡ ಹೊರಡದಿರುವುದೇ ಲೇಸು.

ತಂಡವು ತನ್ನ ದೇಹದ ಮಿತಿಯನ್ನು ಅರಿಯಬೇಕಾದಂತೆ ಊರಿನ ಮಿತಿಯನ್ನೂ ಅರಿಯಬೇಕು. ಹಿಂದೆ ಚಾರಣಿಗರು ಡೇರೆ, ಧಾನ್ಯ, ಇಂಧನಗಳನ್ನು ಕುದುರೆಗಳ ಮೇಲೆ ಹೇರಿಕೊಂಡು ಬಂದು, ಊರ ಹುಲ್ಲುಗಾವಲಿನಲ್ಲಿ ಬೀಡುಬಿಟ್ಟು, ಕಸ ಉಳಿಸಿ ಹೋಗುತ್ತಿದ್ದರು. ಊರವರಿಗೆ ದೊರೆಯುತ್ತಿದ್ದುದು ಅಲ್ಪ. ಈ ಶತಮಾನದ ಆರಂಭದಿಂದ ರುಂಬಕ್ ಮೊದಲಾದ ಹಳ್ಳಿಗಳಲ್ಲಿ ಮನೆವಸತಿಯ ಪದ್ಧತಿ ಬೆಳೆಯಿತು. ಅತಿಥಿಗಳನ್ನು ಮನೆಗಳು ಸರದಿಯಂತೆ ಇಟ್ಟುಕೊಳ್ಳುವುದರಿಂದ ಆದಾಯ ಒಂದೇ ಮನೆಗೆ ಸೇರದೆ ಹಂಚಿಹೋಗುತ್ತದೆ. ಕುರಿಯನ್ನು ಕೊಂದ ಹಿಮಚಿರತೆಯನ್ನು ಹಿಂದೆ ಶಪಿಸುತ್ತಿದ್ದ ಮನೆಯೇ, ಅದನ್ನು ನೋಡಬಂದ ಅತಿಥಿಯಿಂದ ಜೀವನೋಪಾಯ ಕಂಡುಕೊಂಡಿತು. ಪ್ರಾಣಿಗೂ ಮನೆಗೂ ಇದ್ದ ವೈರ ಇದರಿಂದ ಸಡಿಲಿತು.

ಇಂಥ ಮನೆಯಲ್ಲಿ ತಂಗುವವನು ನೀರನ್ನು ತುಪ್ಪದಂತೆ ಬಳಸಬೇಕು. ಅಲ್ಲಿಯ ಶೌಚಾಲಯ ಒಣಗುಂಡಿಯದು. ಮಣ್ಣು ಬೂದಿ ಸುರಿದು ಮುಚ್ಚಿದ ಮಲವೇ ವಸಂತದಲ್ಲಿ ಹೊಲಕ್ಕೆ ಗೊಬ್ಬರ. ಅದಕ್ಕೆ ನೀರು ಸುರಿದರೆ ಗೊಬ್ಬರವೂ ಕೆಡುತ್ತದೆ, ನೀರೂ ಹಾಳಾಗುತ್ತದೆ. ಅತಿಥಿಗಳು ಮಿತಿ ಮೀರಿದರೆ ಏನಾಗುತ್ತದೆಂಬುದಕ್ಕೆ ಸ್ಟೋಕ್ ಕಾಂಗ್ರಿ ಶಿಖರವೇ ನಿದರ್ಶನ. ಲೇಹ್‌ಗೆ ಸಮೀಪದ, ಆರು ಸಾವಿರ ಮೀಟರ್ ಮೀರಿದ ಈ ಶಿಖರಕ್ಕೆ ಆರೋಹಿಗಳ ನೂಕುನುಗ್ಗಲು ಬೆಳೆದು, ಬೆಟ್ಟದ ಬುಡದ ಸ್ಟೋಕ್ ಗ್ರಾಮದ ನೀರಿನ ಮೂಲವೇ ಮಲಿನವಾಗತೊಡಗಿತು. ಊರವರ ಒತ್ತಾಯದ ಮೇಲೆ 2020ರಲ್ಲಿ ಆರೋಹಣವನ್ನು ನಿಲ್ಲಿಸಲಾಯಿತು. ಆದಾಯ ಹೋದರೂ ನೀರು ಉಳಿಯಲಿ ಎಂಬ ಆ ನಿರ್ಧಾರ ಸುಲಭವಾದುದಾಗಿರಲಿಲ್ಲ.

ಮಠಗಳಲ್ಲಿ ನಡೆದುಕೊಳ್ಳುವ ಕ್ರಮವೂ ಇದಕ್ಕೆ ಹೊಂದಿಕೊಂಡುದೇ. ದಾರಿಯ ಮಣಿಗೋಡೆಗಳನ್ನೂ ಸ್ತೂಪಗಳನ್ನೂ ಬಲಕ್ಕೆ ಬಿಟ್ಟು ಪ್ರದಕ್ಷಿಣೆಯಾಗಿ ಸಾಗಬೇಕು. ಮಂತ್ರ ಕೆತ್ತಿದ ಕಲ್ಲನ್ನು ನೆನಪಿಗೆಂದು ಕೊಂಡೊಯ್ಯುವುದು ಕಳವೇ ಸರಿ. ಪಾದರಕ್ಷೆ, ಟೋಪಿಗಳನ್ನು ತೆಗೆದು ಒಳಹೋಗಬೇಕು. ಗೋಡೆಚಿತ್ರಗಳಿಗೆ ಮಿಂಚುಬೆಳಕು ಹಾಯಿಸಬಾರದು; ಭಿಕ್ಷುಗಳ ಚಿತ್ರ ತೆಗೆಯುವ ಮುನ್ನ ಅನುಮತಿ ಕೇಳಬೇಕು. ಹೆಮಿಸ್‌ನಲ್ಲಿ ಟಿಬೆಟ್ ಪಂಚಾಂಗದ ಐದನೆಯ ತಿಂಗಳಿನಲ್ಲಿ ಗುರು ಪದ್ಮಸಂಭವರ ನೆನಪಿಗೆ ನಡೆಯುವ ಮುಖವಾಡದ ಕುಣಿತವನ್ನು ಅನೇಕರು ನಾಟಕದಂತೆ ನೋಡಿ ಹೋಗುತ್ತಾರೆ. ಊರವರಿಗಾದರೋ ಅದು ಪೂಜೆ.

ಶಾಲೆಯೊಂದು ಇಂಥ ಯಾತ್ರೆಗೆ ಮಕ್ಕಳನ್ನು ಸಿದ್ಧಪಡಿಸಬೇಕಾದರೆ ಹಿಮಾಲಯದವರೆಗೆ ಕಾಯಬೇಕಿಲ್ಲ. ನರಗುಂದದ ಗುಡ್ಡವನ್ನು ಬೆನ್ನ ಮೇಲೆ ತಕ್ಕಷ್ಟು ಹೊರೆಯೊಡನೆ, ಹಿಂದಿನವನನ್ನು ಬಿಡದೆ, ತಂಡವಾಗಿ ಹತ್ತಿ ಇಳಿಯುವ ಅಭ್ಯಾಸ ಮೊದಲ ಪಾಠವಾಗಬಹುದು. ಡಂಬಳ, ಲಕ್ಕುಂಡಿ, ಕೊಪ್ಪಳಗಳ ಸಂದರ್ಶನ ಎರಡನೆಯದು. ಹುಬ್ಬಳ್ಳಿಯ ಮಾರ್ಗವಾಗಿ ಮುಂಡಗೋಡಕ್ಕೆ ಹೋಗಿ, ಭಿಕ್ಷುಗಳ ವಾದಸಭೆಯನ್ನು ಮೌನವಾಗಿ ಕುಳಿತು ನೋಡಿ ಬರುವುದು ಮೂರನೆಯದು. ಅನಂತರ ವೈದ್ಯರ ತಪಾಸಣೆ, ಪಾಲಕರ ಒಪ್ಪಿಗೆ, ಸ್ಥಳೀಯ ಮಾರ್ಗದರ್ಶಕರ ನೇಮಕ, ಒಂದೆರಡು ಹೆಚ್ಚುವರಿ ದಿನಗಳ ಅವಕಾಶ. ದಾನಿಗಳು ಇಂಥ ಕಾರ್ಯಕ್ಕೆ ನೆರವಾಗುವುದಾದರೆ ಆ ಹೆಚ್ಚುವರಿ ದಿನಗಳ ವೆಚ್ಚವನ್ನು ವಹಿಸಿಕೊಳ್ಳುವುದೇ ಅತ್ಯಂತ ಉಪಯುಕ್ತ ದಾನ. ಏಕೆಂದರೆ ಹಣದ ಅಭಾವದಿಂದ ಅವಸರಪಡುವ ತಂಡವೇ ಹೆಚ್ಚಾಗಿ ಅಪಾಯಕ್ಕೆ ಸಿಲುಕುತ್ತದೆ.

ಎತ್ತರದ ಹಾದಿಯಲ್ಲಿ ಮುಂದೆ ನಡೆದವನು ಹಿಂದಿನವನಿಗಾಗಿ ನಿಲ್ಲುತ್ತಾನೆ, ಉಣ್ಣುವವನು ಉಣಿಸಿದ ಮನೆಯ ಕೊಡದಲ್ಲಿ ಎಷ್ಟು ನೀರು ಉಳಿದಿದೆಯೆಂದು ನೋಡುತ್ತಾನೆ. ಈ ಎರಡು ಗುಣಗಳನ್ನು ಕಲಿತು ಬಂದ ವಿದ್ಯಾರ್ಥಿಯು ಕೊಂಗ್ಮಾರು ಲಾದ ನೆತ್ತಿಯನ್ನು ಮುಟ್ಟದೆ ಅರ್ಧದಾರಿಯಿಂದ ಹಿಂದಿರುಗಿದರೂ ಯಾತ್ರೆ ಸಫಲವಾದಂತೆಯೇ.