ನಿಮಗಿದು ಗೊತ್ತೇ? ಮೀನಿನ ಮೊಟ್ಟೆಯೊಳಗೆ ಪರಕೀಯ ಜೀನ್

ಬಣಕಲ್ ಸುತ್ತಿನ ಕಾಫಿ ತೋಟಗಳ ಕೆರೆಗಳಿಗೆ ಬಿಡುವ ಕಾಟ್ಲಾ, ರೋಹು ಮರಿಗಳಲ್ಲಿ ಹೊರಗಿನ ಜೀನ್ ಸೇರಿಸಿದ್ದು ಒಂದೂ ಇಲ್ಲ. ಅಂಥ ಮೀನು ಸಾಕಲು ಭಾರತದಲ್ಲಿ ಈವರೆಗೆ ಅನುಮತಿಯಿಲ್ಲ.

1985ರಲ್ಲಿ ಚೀನಾದ ಝು ಝುವೊಯಾನ್ ತಂಡ ಮನುಷ್ಯನ ಬೆಳವಣಿಗೆ ಹಾರ್ಮೋನಿನ ಜೀನನ್ನು ಗೋಲ್ಡ್‌ಫಿಶ್ ಮೊಟ್ಟೆಗೆ ಚುಚ್ಚಿತು. ಕೆಲಸ ಮುಗಿಯಬೇಕಾದದ್ದು ಮೊಟ್ಟೆಯ ಮೊದಲ ಕೋಶ ಎರಡಾಗುವ ಮೊದಲು. ಜೀಬ್ರಾ ಮೀನಿನಲ್ಲಿ ಅದಕ್ಕೆ ಸಿಗುವುದು ಮುಕ್ಕಾಲು ಗಂಟೆ ಅಷ್ಟೇ!

ಸಾಲ್ಮನ್ ಮೊಟ್ಟೆಯ ಸಿಪ್ಪೆ ನೀರು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ವೀರ್ಯಾಣು ಒಳಹೋಗುವ ಸಣ್ಣ ರಂಧ್ರದಿಂದಲೇ ಗಾಜಿನ ಸೂಜಿ ತೂರಿಸುತ್ತಾರೆ.

ಒಂದು ಕಿಲೋ ತೂಗುವ ಹೆಣ್ಣು ರೋಹು ಎರಡು-ಮೂರು ಲಕ್ಷ ಮೊಟ್ಟೆ ಇಡುತ್ತದೆ. ಒಂದೊಂದಕ್ಕೂ ಸೂಜಿ ಹಾಕಿ ಪೂರೈಸುವುದುಂಟೇ? ಮಧುರೈ ಕಾಮರಾಜ್ ವಿಶ್ವವಿದ್ಯಾಲಯದ ಟಿ.ಜೆ. ಪಾಂಡಿಯನ್ ತಂಡ ಬೇರೆ ದಾರಿ ಹಿಡಿಯಿತು. ವೀರ್ಯಾಣುಗಳಿಗೆ ಕ್ಷಣಮಾತ್ರ ವಿದ್ಯುತ್ ಹಾಯಿಸಿದರೆ ಅವುಗಳ ಪೊರೆ ತುಸು ತೆರೆದುಕೊಳ್ಳುತ್ತದೆ, ಜೀನ್ ಒಳಸೇರುತ್ತದೆ, ಆ ವೀರ್ಯದಿಂದಲೇ ಮೊಟ್ಟೆ ಫಲಿಸುತ್ತದೆ. ಸೇರಿಸಿದ್ದು ರೋಹುವಿನದೇ ಬೆಳವಣಿಗೆ ಜೀನ್. ಮೀನುಗಳು ಹಲವು ಪಟ್ಟು ವೇಗವಾಗಿ ಬೆಳೆದವೆಂದು 2004ರಲ್ಲಿ ವರದಿಯಾಯಿತು. ನಮ್ಮ ದೇಶದ ಈ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ.

ಜೀನ್ ಒಳಹೋದ ಮಾತ್ರಕ್ಕೆ ಆಗಲಿಲ್ಲ. ಎಷ್ಟೋ ಸಲ ಅದು ಕೆಲವೇ ಕೋಶಗಳಲ್ಲಿ ನೆಲೆಸುತ್ತದೆ. ಮೊಟ್ಟೆ, ವೀರ್ಯ ಹುಟ್ಟುವ ಕಡೆ ಇಲ್ಲದಿದ್ದರೆ ಮರಿಗಳಿಗೆ ದಾಟುವುದೇ ಇಲ್ಲ. ಅಮೆರಿಕ 2015ರಲ್ಲಿ ಆಹಾರಕ್ಕೆ ಒಪ್ಪಿದ, ಹೊರಗಿನ ಜೀನ್ ಸೇರಿಸಿದ ಅಕ್ವಾಡ್ವಾಂಟೇಜ್ ಸಾಲ್ಮನ್ ಸಂತತಿಗೆಲ್ಲ ಮೂಲ 1989ರ ಒಂದೇ ಒಂದು ಹೆಣ್ಣುಮೀನು.

ಒಂದು ಮೀನಿನ ಜೀನನ್ನು ಇನ್ನೊಂದಕ್ಕೆ ಸೇರಿಸುವ ಕೆಲಸವನ್ನು ಪ್ರಕೃತಿಯೂ ಮಾಡಿದೆ! ಹೆರಿಂಗ್ ಮೀನಿನಲ್ಲಿದ್ದ, ಚಳಿನೀರಿನಲ್ಲಿ ರಕ್ತ ಮಂಜುಗಟ್ಟದಂತೆ ಕಾಯುವ ಜೀನ್ ಸ್ಮೆಲ್ಟ್ ಎಂಬ ಮೀನಿನಲ್ಲೂ ಸಿಕ್ಕಿದೆ. ಮೊಟ್ಟೆ, ವೀರ್ಯ ಎರಡೂ ನೀರಿಗೇ ಬೀಳುವ ಕಾರಣ ಸಮುದ್ರದಲ್ಲೇ ಅದು ದಾಟಿರಬಹುದೆಂದು ಕೆನಡಾದ ವಿಜ್ಞಾನಿಗಳ ಊಹೆ.

ಸೇರಿಸಿದ ಜೀನ್ ಹೊರಗಿನ ನೀರಿಗೆ ಹರಡದಂತೆ ಅಕ್ವಾಡ್ವಾಂಟೇಜ್ ಮೀನೆಲ್ಲ ಹೆಣ್ಣೇ ಆಗಿರುವಂತೆ ನೋಡಿಕೊಂಡಿದ್ದರು. ಮೊಟ್ಟೆಗೆ ಒತ್ತಡ ಹಾಕಿ ವರ್ಣತಂತುಗಳ ಮೂರು ಕಟ್ಟು ಉಳಿಸಿ ಮೀನುಗಳನ್ನು ಬಂಜೆಯಾಗಿಸುತ್ತಿದ್ದರು, 2024ರಲ್ಲಿ ಸಾಕಣೆ ನಿಲ್ಲಿಸುವವರೆಗೂ ನೆಲದ ಮೇಲಿನ ತೊಟ್ಟಿಗಳಲ್ಲೇ ಬೆಳೆಸುತ್ತಿದ್ದರು. ನಮ್ಮಲ್ಲಿ ಆಷಾಢದ ಮಳೆಗೆ ತೋಟದ ಕೆರೆ ಕೋಡಿ ಬಿದ್ದರೆ ನೀರು ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ. ಮಳೆನೀರಿಗೆ ಎದುರಾಗಿ ಹತ್ತುವ ಮೀನು (ಹತ್ಮೀನು) ಗದ್ದೆಯವರೆಗೂ ಏರಿ ಬರುವ ಊರಿದು. ಇಲ್ಲಿ ಮೀನನ್ನು ಕೆರೆಯಲ್ಲೇ ತಡೆದಿಡುತ್ತೇವೆಂಬ ಭರವಸೆ ನನಗಂತೂ ಇಲ್ಲ. ಅನುಮತಿ ಕೊಡುವವರು ಮೊದಲು ಇದನ್ನು ಯೋಚಿಸಲಿ.

ಜೀನ್ ಸೇರಿಸದೆಯೂ ಮೀನು ಬೇಗ ಬೆಳೆಯುತ್ತದೆ. ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ ನಾರ್ವೆಯವರ ಜೊತೆ ಆಯ್ದ ತಳಿಗಳನ್ನು ಕೂಡಿಸಿ 1997ರಲ್ಲಿ ‘ಜಯಂತಿ ರೋಹು’ ಬಿಡುಗಡೆ ಮಾಡಿತು. ಬೆಳವಣಿಗೆ ಪ್ರತಿ ತಲೆಮಾರಿಗೂ ಸರಾಸರಿ ಶೇ. 17ರಷ್ಟು ಹೆಚ್ಚಿತು. ಮರಿ ತರುವವರು ಇದನ್ನು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ ನೋಡಬಹುದು.