ದುಡುಕು ಮೊದಲೋ, ಚಟ ಮೊದಲೋ?

ಪುತ್ತೂರಿನ ಮಗ್ಗುಲಲ್ಲಿರುವ ಕಬಕ ಅಡಿಕೆಯ ಸೀಮೆ. ಬಂದ ಅತಿಥಿಗೆ ಬೆಲ್ಲ-ನೀರು ಕೊಟ್ಟ ಬಳಿಕ ಎಲೆಯಡಿಕೆಯ ಹರಿವಾಣವನ್ನು ಮುಂದಿಡುವುದು ಇಲ್ಲಿಯ ಮರ್ಯಾದೆ. ಬೆರಳ ತುದಿಯಷ್ಟು ಸುಣ್ಣವಿಲ್ಲದಿದ್ದರೆ ಆ ತಾಂಬೂಲಕ್ಕೆ ರಂಗೇರದು. ಸಾವಿರಾರು ಮೈಲಿಗಳಾಚೆ, ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನರೂ ಕೋಕಾ ಎಂಬ ಗಿಡದ ಎಲೆಯನ್ನು ಸುಣ್ಣವನ್ನೋ ಬೂದಿಯನ್ನೋ ಬೆರೆಸಿಯೇ ಜಗಿಯುತ್ತ ಬಂದಿದ್ದಾರೆ! ಅಡಿಕೆಯ ಸಾರವು ಮೆದುಳಿನಲ್ಲಿ ಹೊಗೆಸೊಪ್ಪಿನ ನಿಕೋಟಿನ್ ತಟ್ಟುವ ಬಾಗಿಲನ್ನೇ ತಟ್ಟುತ್ತದೆ. ಕೋಕಾ ಎಲೆಯ ಸಾರದ ಮಾರ್ಗ ಬೇರೆ.

ಆ ಸಾರವನ್ನು 1860ರಲ್ಲಿ ಜರ್ಮನಿಯ ಆಲ್ಬರ್ಟ್ ನೀಮನ್ ಬೇರ್ಪಡಿಸಿ ಕೊಕೇನ್ ಎಂದು ಹೆಸರಿಟ್ಟನು. ಎಲೆಯಲ್ಲಿ ಮೆಲ್ಲಗೆ ಇಳಿಯುತ್ತಿದ್ದುದು ಪುಡಿಯಾದೊಡನೆ ಮೆದುಳಿಗೆ ಧಾವಿಸತೊಡಗಿತು. ಸುಖದ ಸುದ್ದಿಯನ್ನು ಒಯ್ಯುವ ಡೋಪಮೈನ್ ಎಂಬ ದ್ರವ್ಯವನ್ನು, ಕೆಲಸ ತೀರಿದ ಮೇಲೆ, ನರಕೋಶವು ಮರಳಿ ಹೀರಿಕೊಳ್ಳಬೇಕು. ಕೊಕೇನ್ ಆ ದಾರಿಯನ್ನೇ ಮುಚ್ಚಿಬಿಡುತ್ತದೆ. ಬಸಿಗಾಲುವೆ ಕಟ್ಟಿಕೊಂಡ ತೋಟದಲ್ಲಿ ನೀರು ನಿಲ್ಲುವಂತೆ ಡೋಪಮೈನ್ ಅಲ್ಲಿಯೇ ನಿಲ್ಲುತ್ತದೆ. ಮೆದುಳು ಆ ಕ್ಷಣವನ್ನು ಮರೆಯುವುದಿಲ್ಲ, ಮತ್ತೆ ಬೇಡುತ್ತದೆ.

ಹಾಗೆ ಬೇಡಿದಾಗ ‘ತಾಳು’ ಎನ್ನಬೇಕಾದುದು ಹಣೆಯ ಹಿಂದಣ ಭಾಗ. ವ್ಯಸನಿಗಳಲ್ಲಿ ಈ ತಡೆ ದುರ್ಬಲವಾಗಿರುವುದನ್ನು ವಿಜ್ಞಾನಿಗಳು ಬಹುಕಾಲದಿಂದ ಬಲ್ಲರು. ಪುಡಿಯು ತಡೆಯನ್ನು ಕೆಡಿಸಿತೋ, ತಡೆ ಮೊದಲೇ ಸಡಿಲವಾಗಿತ್ತೋ?

ಕೇಂಬ್ರಿಜ್ ವಿಶ್ವವಿದ್ಯಾಲಯದವರು ದೀಪ ಬೆಳಗುವ ತನಕ ಕಾಯುವುದನ್ನು ಇಲಿಗಳಿಗೆ ಕಲಿಸಿದರು. ಕೆಲವು ಕಾಯಲಾರದೆ ದುಡುಕಿದವು. ಕೊಕೇನಿನ ಸೋಂಕೇ ಇಲ್ಲದಿದ್ದ ಆ ದುಡುಕಿನ ಇಲಿಗಳ ಮೆದುಳಿನ ಒಂದು ಭಾಗದಲ್ಲಿ ಡೋಪಮೈನನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಮೊದಲೇ ಕಡಮೆಯಾಗಿದ್ದವು. ಮುಂದೆ ಕೊಕೇನನ್ನು ಹೆಚ್ಚಾಗಿ ಸೇವಿಸಿದವೂ ಅವೇ. ಇದು ಪ್ರಕಟವಾದುದು 2007ರಲ್ಲಿ.

ಇಲಿಯ ಮಾತು ಮನುಷ್ಯನಿಗೆ ಒಪ್ಪುವುದೇ? 2012ರಲ್ಲಿ ಅದೇ ಕೇಂಬ್ರಿಜ್‌ನ ಕರೆನ್ ಎರ್ಶೆ ಮತ್ತು ಸಂಗಡಿಗರು 50 ಜೊತೆ ಒಡಹುಟ್ಟಿದವರನ್ನು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಪ್ರತಿ ಜೊತೆಯಲ್ಲಿಯೂ ಒಬ್ಬರು ಕೊಕೇನಿನಂಥ ಉತ್ತೇಜಕಗಳ ದಾಸರು, ಇನ್ನೊಬ್ಬರಿಗೆ ಆ ಚಟವಿಲ್ಲ. ಆದರೂ ‘ನಿಲ್ಲು’ ಎಂಬ ಸಂಜ್ಞೆಗೆ ಕೈಯನ್ನು ತಡೆಯುವುದರಲ್ಲಿ ಇಬ್ಬರೂ ನಿಧಾನ! ಹಣೆಯ ಹಿಂದಣ ಭಾಗದ ನರತಂತುಗಳ ಹೆಣಿಗೆಯೂ ಇಬ್ಬರಲ್ಲಿ ಸಡಿಲ. ‘ಅಣ್ಣನನ್ನು ನೋಡಿ ಕಲಿತುಕೋ’ ಎಂದು ತಮ್ಮನನ್ನು ಹಂಗಿಸುವ ನಮ್ಮ ಹಿರಿಯರು ಇದನ್ನು ಕೇಳಬೇಕು. ಇಬ್ಬರ ತಡೆಯೂ ಒಂದೇ ಬಗೆಯದು. ಆದರೂ ಒಬ್ಬನು ಬಿದ್ದನು, ಇನ್ನೊಬ್ಬನು ಬೀಳಲಿಲ್ಲ. ಹಾಗಾದರೆ ದುಡುಕನ್ನು ಹಣೆಬರಹವೆನ್ನಲೂ ಆಗದು, ಬರಿಯ ದುರ್ನಡತೆಯೆನ್ನಲೂ ಆಗದು.

ಪುಡಿಯೂ ನಿರಪರಾಧಿಯಲ್ಲ. ಅಮೆರಿಕದ ನೋರಾ ವೋಲ್ಕೋ 1993ರಲ್ಲಿ ತೋರಿಸಿದಂತೆ, ಚಟ ಬಿಟ್ಟು ತಿಂಗಳುಗಳು ಕಳೆದರೂ ವ್ಯಸನಿಗಳ ಮೆದುಳಿನಲ್ಲಿ ಡೋಪಮೈನ್ ಗ್ರಾಹಕಗಳ ಕೊರತೆ ಉಳಿದಿತ್ತು.

ಕೊಕೇನ್ ಚಟಕ್ಕೆಂದೇ ಅಂಗೀಕೃತವಾದ ಗುಳಿಗೆ ಇಂದಿಗೂ ಇಲ್ಲ. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಉಂಟು. ಅಮೆರಿಕ ಮೊದಲಾದೆಡೆ ಫಲ ಕಂಡ ಉಪಾಯವಂತೂ ಸರಳ: ಮೂತ್ರಪರೀಕ್ಷೆಯಲ್ಲಿ ಕೊಕೇನ್ ಕಾಣದ ಪ್ರತಿ ಸಲವೂ ರೋಗಿಗೆ ಅಲ್ಲಿಯೇ, ಆಗಲೇ, ಒಂದು ಪುಟ್ಟ ಬಹುಮಾನ. ಕಾಯಲಾರದ ಮನಸ್ಸಿಗೆ ನಾಳೆಯ ಆರೋಗ್ಯ ಬಹಳ ದೂರ. ಕೈಗೆ ಬಂದ ಬಹುಮಾನ ಹತ್ತಿರ.