ಧ್ವನಿಗ್ರಂಥಾಲಯಗಳೂ ಕನ್ನಡ ಕಾವ್ಯಪಾಠವೂ

ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು 1884ರಲ್ಲಿ ಜನಿಸಿದುದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಆ ತೆಂಗಿನ ಸೀಮೆಯಿಂದ ಇಂದು ಕಾಲೇಜಿಗೆ ಬರುವ, ಕಣ್ಣು ಕಾಣದ ವಿದ್ಯಾರ್ಥಿಯೊಬ್ಬನು ಅವರ ‘ಇಂಗ್ಲಿಷ್ ಗೀತಗಳು’ ಕೃತಿಯನ್ನು ಓದಬಯಸಿದರೆ ಅವನಿಗಿರುವ ಮಾರ್ಗ ಯಾವುದು? ಬಹುಮಟ್ಟಿಗೆ ಸಹಪಾಠಿಯ ದಯೆಯೇ. ಬಿಡುವಿದ್ದಾಗ ಆತ ಓದಿ ಹೇಳಬಹುದು. ಪರೀಕ್ಷೆ ಸಮೀಪಿಸಿದಾಗ ಆತನಿಗೆ ಬಿಡುವಿರುವುದಿಲ್ಲ, ಇವನಿಗೆ ಓದು ಬೇಕಾದುದೂ ಆಗಲೇ. ಈ ಪರಾಧೀನತೆಯನ್ನು ತಪ್ಪಿಸುವುದಕ್ಕೆಂದು ಹುಟ್ಟಿದ ಉಚಿತ ಧ್ವನಿಗ್ರಂಥಾಲಯಗಳ ಸ್ವರೂಪವನ್ನೂ, ಅವುಗಳಲ್ಲಿ ಕನ್ನಡ ಅಧ್ಯಾಪಕರು ಮಾಡಬೇಕಾದ ಕೆಲಸವನ್ನೂ ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಅಂಧರಿಗಾಗಿ ಧ್ವನಿಮುದ್ರಿತ ಗ್ರಂಥಗಳನ್ನು ಎರವಲು ಕೊಡುವ ಪದ್ಧತಿ ಅಮೆರಿಕದಲ್ಲಿ 1934ರಲ್ಲಿಯೂ ಇಂಗ್ಲೆಂಡಿನಲ್ಲಿ 1935ರಲ್ಲಿಯೂ ಗ್ರಾಮಫೋನ್ ತಟ್ಟೆಗಳ ಮೂಲಕ ಆರಂಭವಾಯಿತು. ಬೆಂಗಳೂರಿನಲ್ಲಿ 1990ರಲ್ಲಿ ಸ್ಥಾಪಿತವಾದ ಮಿತ್ರಜ್ಯೋತಿ ಸಂಸ್ಥೆ ಇಂಥದೊಂದು ಗ್ರಂಥಾಲಯವನ್ನು ಬೆಳೆಸಿದೆ. 2016ರ ಆಗಸ್ಟ್ ತಿಂಗಳಿನಲ್ಲಿ ಕೇಂದ್ರ ಸರ್ಕಾರದ ಆಶ್ರಯದಲ್ಲಿ ‘ಸುಗಮ್ಯ ಪುಸ್ತಕಾಲಯ’ ತೆರೆದ ಬಳಿಕ, ಸದಸ್ಯನಾದವನು ಹಳ್ಳಿಯಲ್ಲಿದ್ದುಕೊಂಡೇ ಫೋನಿನ ಮೂಲಕ ಗ್ರಂಥವನ್ನು ಇಳಿಸಿಕೊಳ್ಳಬಹುದಾಗಿದೆ. ಈ ಸೌಲಭ್ಯ ಅಂಧರಿಗೆ ಮಾತ್ರವಲ್ಲ; ಮಂದದೃಷ್ಟಿಯವರಿಗೂ, ಅಕ್ಷರಗ್ರಹಣದ ತೊಡಕುಳ್ಳವರಿಗೂ, ಪುಸ್ತಕವನ್ನು ಕೈಯಲ್ಲಿ ಹಿಡಿದು ಹಾಳೆ ಮಗುಚಲಾರದವರಿಗೂ ಸಲ್ಲುತ್ತದೆ.

ಗ್ರಂಥಸ್ವಾಮ್ಯದ ಭಯ ಅನೇಕರನ್ನು ಹಿಂದೆಗೆಯುವಂತೆ ಮಾಡಿದೆ. ಅದು ನಿರಾಧಾರವಾದುದು. 2012ರ ತಿದ್ದುಪಡಿಯ ಪ್ರಕಾರ, ಇಂಥ ಓದುಗರಿಗಾಗಿ ಲಾಭದ ಉದ್ದೇಶವಿಲ್ಲದೆ ಗ್ರಂಥವನ್ನು ಧ್ವನಿರೂಪಕ್ಕೆ ತರುವುದಕ್ಕೆ ಲೇಖಕರ ಅನುಮತಿ ಬೇಕಿಲ್ಲ. ಪ್ರತಿಗಳು ಅನ್ಯರ ವ್ಯಾಪಾರಕ್ಕೆ ಹೋಗದಂತೆ ನೋಡಿಕೊಂಡರಾಯಿತು. 2013ರ ಮರಾಕೇಶ್ ಒಪ್ಪಂದವನ್ನು ಮೊದಲು ಸ್ಥಿರೀಕರಿಸಿದ ದೇಶವೂ ಭಾರತವೇ. 1946ರಲ್ಲಿ ತೀರಿಕೊಂಡ ಶ್ರೀಕಂಠಯ್ಯನವರ ಕೃತಿಗಳ ಮಟ್ಟಿಗಂತೂ ಈ ವಿನಾಯಿತಿಯೂ ಅನಾವಶ್ಯಕ: ಸ್ವಾಮ್ಯದ 60 ವರ್ಷಗಳ ಅವಧಿ 2006ರ ಕೊನೆಗೇ ಮುಗಿದಿದೆ.

ಹಾಗಾದರೆ ಕೊರತೆ ಎಲ್ಲಿದೆ? ಕೇವಲ ಧ್ವನಿಮುದ್ರಣವು ಅಭ್ಯಾಸದ ಗ್ರಂಥವಾಗಲಾರದು. ಕ್ಯಾಸೆಟ್ಟಿನಲ್ಲಿ ಬೇಕಾದ ಪದ್ಯವನ್ನು ಹುಡುಕಲು ಸುರುಳಿಯನ್ನೆಲ್ಲ ಹಿಂದುಮುಂದಾಗಿ ಓಡಿಸಬೇಕಾಗಿತ್ತು. ಈಗ ಬಳಕೆಯಲ್ಲಿರುವ ‘ಡೈಸಿ’ ಎಂಬ ವಿನ್ಯಾಸದಲ್ಲಿ ಅಧ್ಯಾಯ, ಪುಟ, ಪರಿಚ್ಛೇದಗಳಿಗೆ ಗುರುತುಗಳಿರುತ್ತವೆ. ಅಧ್ಯಾಪಕರು ತರಗತಿಯಲ್ಲಿ 42ನೆಯ ಪುಟ ಎಂದೊಡನೆ ಕೇಳುಗನೂ ಆ ಪುಟಕ್ಕೆ ಹೋಗಬಲ್ಲನು. ಆದರೆ ಆ ಗುರುತುಗಳನ್ನು ಇಡುವವರು ಬೇಕು.

ಗಣಕಯಂತ್ರವೇ ಓದಬಾರದೇ ಎಂದು ಕೇಳಬಹುದು. ಯೂನಿಕೋಡ್ ಲಿಪಿಯಲ್ಲಿರುವ ಗದ್ಯವನ್ನು ಅದು ಓದುತ್ತದೆ. ಇತಿಹಾಸ, ಅರ್ಥಶಾಸ್ತ್ರಗಳ ಪಠ್ಯಗಳಿಗೆ ಅಷ್ಟು ಸಾಲುತ್ತದೆ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದುದನ್ನು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯೆಂದು ಉಚ್ಚರಿಸುತ್ತದೆ. ಕಾವ್ಯದ ವಿಷಯ ಇನ್ನೂ ತೊಡಕಿನದು. ಷಟ್ಪದಿಯಲ್ಲಿ ಪದಗಳು ಸಾಲಿನೊಡನೆ ಮುಗಿಯಬೇಕೆಂಬ ನಿಯಮವಿಲ್ಲ. ಪದದ ಮೊದಲ ಭಾಗ ಒಂದು ಸಾಲಿನ ಕೊನೆಯಲ್ಲಿಯೂ ಉಳಿದುದು ಮುಂದಿನ ಸಾಲಿನ ಆದಿಯಲ್ಲಿಯೂ ಇರುವುದುಂಟು. ಯಂತ್ರವು ಸಾಲಿನ ತುದಿಯಲ್ಲಿ ನಿಂತು ಪದವನ್ನು ಕಡಿದುಬಿಡುತ್ತದೆ. ಅದನ್ನು ಕೇಳಿದ ವಿದ್ಯಾರ್ಥಿ ಕುಮಾರವ್ಯಾಸನೇ ಕ್ಲಿಷ್ಟ ಕವಿಯೆಂದು ಭಾವಿಸಿದರೆ ತಪ್ಪು ಅವನದಲ್ಲ! ಅರ್ಥವರಿತು ಪದ್ಯವನ್ನು ಒಡೆಯುವುದು ನಮ್ಮ ಗಮಕಿಗಳ ವಿದ್ಯೆ. ಅಕ್ಷರ ಬಾರದ ಜನರೂ ಭಾರತದ ಕಥೆಯನ್ನು ತಮ್ಮದಾಗಿಸಿಕೊಂಡುದು ಆ ವಾಚನವನ್ನು ಕೇಳಿಯೇ. ಕಿವಿಯಿಂದ ಬಂದ ಓದು ಕೆಳಮಟ್ಟದ್ದೆಂಬ ಭಾವನೆ ಕನ್ನಡಕ್ಕೆ ಸಹಜವಾದುದಲ್ಲ.

ಆದುದರಿಂದ ಕಾವ್ಯಭಾಗಗಳನ್ನು ಕನ್ನಡ ಅಧ್ಯಾಪಕರೇ ಓದಿ ಮುದ್ರಿಸಿ ಧ್ವನಿಗ್ರಂಥಾಲಯಗಳಿಗೆ ಒದಗಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಪದ್ಯವನ್ನು ಮೊದಲು ಛಂದಸ್ಸಿಗೆ ಅನುಗುಣವಾಗಿ, ಅನಂತರ ಪದಚ್ಛೇದ ಮಾಡಿ ಓದಬೇಕು. ಪದ್ಯಸಂಖ್ಯೆಯನ್ನೂ ಪುಟಸಂಖ್ಯೆಯನ್ನೂ ಬಿಡದೆ ಹೇಳಬೇಕು. ಅಡಿಟಿಪ್ಪಣಿಯನ್ನು ನಡುವೆ ತುರುಕದೆ ಪದ್ಯ ಮುಗಿದ ಮೇಲೆ ಓದಬೇಕು. ಹಳಗನ್ನಡದ ಱ, ೞ ಅಕ್ಷರಗಳು ಬಂದೆಡೆ ಬರಹವನ್ನು ಬಿಡಿಸಿ ಹೇಳತಕ್ಕದ್ದು. ಏಕೆಂದರೆ ಪರೀಕ್ಷೆಯಲ್ಲಿ ಆ ವಿದ್ಯಾರ್ಥಿಯೇ ತನ್ನ ಲಿಪಿಕಾರನಿಗೆ ಅದನ್ನು ಹೇಳಿ ಬರೆಯಿಸಬೇಕಾಗುತ್ತದೆ.